ಉಪ್ಪಿನಕಾಯಿ ‘ತಯಾರಿಸುವುದಾ’, ‘ಉತ್ಪಾದಿಸುವುದಾ’, ‘ಹಾಕುವುದಾ’? ಲೇಬಲ್ಲಿಗೆ ಒಂದು ಪದ ಬೇಕಾಗಿದೆ

ಮಿಡಿಜಾಡಿ (ಶಿರಸಿ):
ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಲ್ಲಿ ನಾವು ಹನ್ನೊಂದು ಜನ ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಹಲಸಿನ ಹಪ್ಪಳವೂ ಇದೆ. ಇಷ್ಟು ವರ್ಷ ಲೇಬಲ್ ಬರೀ ಇಂಗ್ಲಿಷಿನಲ್ಲಿತ್ತು. ಈ ಸಲ ಕನ್ನಡದಲ್ಲೂ ಹಾಕಿಸೋಣ ಅಂತ ಎಲ್ಲರೂ ಒಪ್ಪಿದೆವು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯೂ ರಾಜ್ಯದಲ್ಲಿ ತಯಾರಾಗುವ ಸಾಮಾನಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅನ್ನುತ್ತದೆ. ಅದಿಲ್ಲದಿದ್ದರೂ ಹಾಕಿಸುತ್ತಿದ್ದೆವು. ನಮ್ಮ ಉಪ್ಪಿನಕಾಯಿ ಕೊಳ್ಳುವವರು ಕನ್ನಡ ಓದುವವರೇ ಅಲ್ವಾ.

ಪ್ರೆಸ್ಸಿನವರು ಕಳಿಸಿದ ಪ್ರೂಫಿನಲ್ಲಿ ‘ಉತ್ಪಾದಕರು’ ಅಂತಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. “ನಾವು ಎಂತ ಉತ್ಪಾದನೆ ಮಾಡಿದ್ದು? ಉಪ್ಪಿನಕಾಯಿ ಹಾಕಿದ್ದಲ್ದಾ?” ಅಂದರು. ಸರಿ ಅಂತ ‘ತಯಾರಕರು’ ಅಂತ ತಿದ್ದಿದೆ. ಅದೂ ಯಾಕೋ ನಮ್ಮದಲ್ಲ ಅನ್ನಿಸಿತು. ಮನೆಯಲ್ಲಿ ಒಬ್ಬರೂ “ಉಪ್ಪಿನಕಾಯಿ ತಯಾರಿಸಿದೆ” ಅನ್ನುವುದಿಲ್ಲ.

ಇನ್ನೊಂದು ತೊಡಕು ಇದೆ. ಮಿಡಿಯನ್ನು ಉಪ್ಪಿಗೆ ಹಾಕುವುದು ಮಾರ್ಚಿನಲ್ಲಿ. ಅದು ಚಿರುಟಿದ ಮೇಲೆ ಹಾಗೇ ಜಾಡಿಯಲ್ಲಿ ಇರುತ್ತದೆ. ಖಾರ ಬೆರೆಸುವುದು ಬೇಕಾದಾಗ, ಕೆಲವು ಸಲ ಜುಲೈ, ಕೆಲವು ಸಲ ಅಕ್ಟೋಬರ್. ‘ತಯಾರಿಸಿದ ದಿನಾಂಕ’ ಅಂತ ಯಾವುದನ್ನು ಬರೆಯಲಿ? ಪದದ ಅರ್ಥ ಸರಿಯಾಗಿ ಗೊತ್ತಾದರೆ ಇದಕ್ಕೂ ಉತ್ತರ ಸಿಗಬಹುದು ಅಂತ ಇಲ್ಲಿ ಕೇಳುತ್ತಿದ್ದೇನೆ.

ಪದಗಳ ಬೆನ್ನುಹತ್ತಿ (ಮೈಸೂರು):
ಅತ್ತೆಯವರ ಕಿವಿ ಚೆನ್ನಾಗಿದೆ ಮೇಡಂ. ನಾನು ಕನ್ನಡ ಪಾಠ ಹೇಳಿದವನು, ನಿವೃತ್ತನಾಗಿದ್ದೇನೆ. ತಿಳಿದಷ್ಟು ಹೇಳುತ್ತೇನೆ.

‘ಉತ್ಪಾದನೆ’ ಸಂಸ್ಕೃತದ್ದು. ಉತ್ಪತ್ತಿ ಅಂದರೆ ಹುಟ್ಟುವುದು, ಉತ್ಪಾದನೆ ಅಂದರೆ ಹುಟ್ಟಿಸುವುದು, ಹುಟ್ಟಿದ್ದು ಉತ್ಪನ್ನ. ಹಾಗಾಗಿ ಎಲ್ಲಿ ಒಂದು ವಸ್ತು ಹೊಸದಾಗಿ ಹೊರಗೆ ಬರುತ್ತದೋ, ಅದನ್ನು ಎಲ್ಲಿ ಅಳೆದು ಲೆಕ್ಕ ಇಡುತ್ತೇವೋ ಅಲ್ಲಿ ಈ ಪದ ಒಪ್ಪುತ್ತದೆ. ವಿದ್ಯುತ್ ಉತ್ಪಾದನೆ, ಭತ್ತದ ಉತ್ಪಾದನೆ ಅನ್ನುತ್ತೇವೆ. ಊರೂರಿನ ಹಾಲಿನ ಡೇರಿಯ ಬೋರ್ಡು ನೋಡಿ, ‘ಹಾಲು ಉತ್ಪಾದಕರ ಸಹಕಾರ ಸಂಘ’ ಅಂತಿರುತ್ತದೆ. ‘ಹಾಲು ತಯಾರಕರು’ ಅಂತ ಬರೆದಿದ್ದರೆ ಜನ ಗಾಬರಿಯಾಗುತ್ತಿದ್ದರು. ಹಾಲನ್ನು ತಯಾರಿಸಿದರೆ ಅದು ಕಲಬೆರಕೆ. ಅದೇ ಹಾಲಿನಿಂದ ಪೇಡ ಮಾಡಿದರೆ ಅವರು ಪೇಡ ತಯಾರಕರು, ಉತ್ಪಾದಕರಲ್ಲ.

‘ತಯಾರಿಕೆ’ಯ ಬೇರು ಅರಬ್ಬಿ–ಪಾರಸಿಯ ‘ತಯ್ಯಾರ್’, ಅಂದರೆ ಸಿದ್ಧ. ಮರಾಠಿ, ಹಿಂದಿ, ತೆಲುಗು, ತಮಿಳು ಎಲ್ಲದರಲ್ಲೂ ಈ ಪದ ಇದೆ. ನಾವು ಅದಕ್ಕೆ ನಮ್ಮ ‘ಇಸು’ ಸೇರಿಸಿ ತಯಾರಿಸು ಮಾಡಿದೆವು, ‘ಇಕೆ’ ಸೇರಿಸಿ ತಯಾರಿಕೆ ಮಾಡಿದೆವು. ಕಲಿಕೆ, ಹೂಡಿಕೆ, ಬಳಕೆಗಳ ಸಾಲಿನಲ್ಲಿ ಅದು ಕೂತುಬಿಟ್ಟಿತು. ಬೇರು ಹೊರಗಿನದು, ಬಾಲ ಅಚ್ಚ ಕನ್ನಡ. ಮೂಲದ ಅರ್ಥ ಇನ್ನೂ ಜೀವಂತವಾಗಿದೆ. “ಪರೀಕ್ಷೆಗೆ ತಯಾರಿ”, “ಹೊರಡೋಕೆ ತಯಾರಾಗು” ಅನ್ನುವಾಗ ಸಿದ್ಧ ಅನ್ನುವುದೇ ಅರ್ಥ. ಹಾಗಾಗಿ ತಯಾರಿಕೆ ಅಂದರೆ ಇರುವ ಸಾಮಗ್ರಿಯನ್ನು ಬಳಸುವ ಹದಕ್ಕೆ ತರುವುದು.

ಇನ್ನು ‘ಕೈಗಾರಿಕೆ’. ಕೈಗಾರ ಅಂದರೆ ಕೈ ಪಳಗಿದವನು, ಅವನ ಕೆಲಸ ಕೈಗಾರಿಕೆ. ಈಗ ಕೈಯೇ ಸೋಕದ ಕಾರ್ಖಾನೆಗೂ ಅದೇ ಹೆಸರು. ಇಂಗ್ಲಿಷಿನ ಮ್ಯಾನುಫ್ಯಾಕ್ಚರ್ ಪದಕ್ಕೂ ಹೀಗೇ ಆಗಿದೆ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಕೈಯಿಂದ ಮಾಡುವುದು. ಎರಡು ದೂರದ ಭಾಷೆಗಳಲ್ಲಿ ಒಂದೇ ರೀತಿ ಕೈ ಮರೆಯಾಗಿದೆ. ತರಗತಿಯಲ್ಲಿ ಇದನ್ನು ಹೇಳುವಾಗೆಲ್ಲ ನನಗೆ ಸ್ವಲ್ಪ ಬೇಜಾರಾಗುತ್ತಿತ್ತು.

ಜೋಳದ ಹೊಲ (ಗದಗ):
ಉತ್ಪನ್ನಕ್ಕೆ ನಮ್ಮ ಕಡೆ ‘ಹುಟ್ಟುವಳಿ’ ಅನ್ನುವ ಒಳ್ಳೆಯ ಪದ ಇದೆ ಸರ್. ಒಕ್ಕಲುತನ ಹುಟ್ಟುವಳಿ ಮಾರಾಟ ಸಹಕಾರಿ ಸಂಘ ಅಂತ ಈಗಲೂ ಬೋರ್ಡುಗಳಿವೆ. ನಮ್ಮಪ್ಪ ಇಂದಿಗೂ “ಈ ವರ್ಷ ಹುಟ್ಟುವಳಿ ಹೆಂಗ?” ಅಂತ ಕೇಳುತ್ತಾರೆ. ಮಿಡಿಜಾಡಿ ಅಕ್ಕಾರ, ನಿಮ್ಮ ಮಾವಿನ ಮಿಡಿ ಹುಟ್ಟುವಳಿ. ಉಪ್ಪಿನಕಾಯಿ ಅಲ್ಲ.

ಬುಟ್ಟಿತುಂಬ (ತೀರ್ಥಹಳ್ಳಿ):
ನನಗೆ ಬಹಳ ದಿನದಿಂದ ಒಂದು ಸಂಕಟ. ಪತ್ರಿಕೆಯಲ್ಲಿ, ಟಿವಿಯಲ್ಲಿ ಎಲ್ಲದಕ್ಕೂ ‘ತಯಾರಿಸುತ್ತಾರೆ’ ಅಂತಲೇ ಹೇಳುತ್ತಾರೆ. ಬುಟ್ಟಿ ತಯಾರಿಸುತ್ತಾರೆ, ಮಡಕೆ ತಯಾರಿಸುತ್ತಾರೆ, ಕಂಬಳಿ ತಯಾರಿಸುತ್ತಾರೆ. ನಮಗೆ ಒಂದೊಂದಕ್ಕೂ ಒಂದೊಂದು ಮಾತಿತ್ತಲ್ಲ! ಬುಟ್ಟಿ ಹೆಣೆಯುವುದು. ಕಂಬಳಿ ನೇಯುವುದು. ಮಡಕೆ ತಟ್ಟುವುದು. ಬತ್ತಿ ಹೊಸೆಯುವುದು. ತುಪ್ಪ ಕಾಸುವುದು. ಬೆಣ್ಣೆ ಕಡೆಯುವುದು. ಹಪ್ಪಳ ಒತ್ತುವುದು. ಸಂಡಿಗೆ ಇಡುವುದು. ಸುಣ್ಣ ಸುಡುವುದು. ಈ ಮಾತುಗಳನ್ನು ಹೇಳಿದರೆ ಕೈ ಏನು ಮಾಡುತ್ತಿದೆ ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ‘ತಯಾರಿಸು’ ಅಂದಾಗ ಏನೂ ಕಾಣುವುದಿಲ್ಲ.

ಕಡಲಬದಿ (ಉಡುಪಿ):
ಸೇರಿಸಿಕೊಳ್ಳಿ: ಬೀಡಿ ಕಟ್ಟುವುದು. ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮ ಶಾಲೆಯ ಫೀಸು ಕಟ್ಟಿದ್ದು. “ಬೀಡಿ ತಯಾರಿಕಾ ಕಾರ್ಮಿಕರು” ಅಂತ ಯಾರಾದರೂ ಬರೆದರೆ ಅಮ್ಮನಿಗೆ ಅದು ತನ್ನನ್ನೇ ಕುರಿತದ್ದು ಅಂತ ಗೊತ್ತಾಗುವುದಿಲ್ಲ.

ಕೆಂಪುಮಣ್ಣು (ಕೋಲಾರ):
ಇಟ್ಟಿಗೆ ‘ಕೊಯ್ಯುವುದು’. ನಮ್ಮ ಕಡೆ ಅಚ್ಚಿನಲ್ಲಿ ಹಸಿ ಇಟ್ಟಿಗೆ ಹಾಕುವುದಕ್ಕೆ ಹಾಗೆ ಹೇಳುತ್ತಾರೆ. ಆಮೇಲೆ ಸುಡುವುದು. ಎರಡೂ ಬೇರೆ ಕೆಲಸ, ಎಷ್ಟೋ ಸಲ ಬೇರೆ ಜನ.

ಅರಗಿನ ಬಣ್ಣ (ಚನ್ನಪಟ್ಟಣ):
ಬುಟ್ಟಿತುಂಬ ಅವರು ಬೆಣ್ಣೆ ಕಡೆಯುವುದು ಅಂದರಲ್ಲ, ಮರವನ್ನೂ ಕಡೆಯುತ್ತಾರೆ. ತಿರುಗುವ ಆಲೆಮರದ ತುಂಡಿಗೆ ಉಳಿ ಕೊಟ್ಟು ಆಕಾರ ತೆಗೆಯುವುದಕ್ಕೆ ಕಡೆಯುವುದು ಅಂತಲೇ ಹೆಸರು. ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ಒಣಗಿದ ಕೇದಗೆ ಎಲೆಯಿಂದ ತಿಕ್ಕಿದರೆ ಹೊಳಪು. ಹೊಯ್ಸಳರ ಗುಡಿಗಳಲ್ಲಿ ನುಣ್ಣಗೆ ದುಂಡಗೆ ಇರುವ ಕಂಬಗಳಿಗೂ ‘ಕಡೆದ ಕಂಬ’ ಅನ್ನುತ್ತಾರೆ. ಮಜ್ಜಿಗೆ, ಬೊಂಬೆ, ಕಲ್ಲುಕಂಬ ಮೂರಕ್ಕೂ ಒಂದೇ ಮಾತು, ಯಾಕೆಂದರೆ ಮೂರರಲ್ಲೂ ತಿರುಗಿಸುವ ಕೆಲಸ ಇದೆ. “ಬೊಂಬೆ ತಯಾರಿಕೆ” ಅಂದರೆ ಈ ನಂಟು ಕಾಣುವುದೇ ಇಲ್ಲ.

ಗೂಡಿನ ಎಳೆ (ರಾಮನಗರ):
ನಮ್ಮ ಕಸುಬಿನ ಮಾತು ಇನ್ನೂ ವಿಚಿತ್ರ. ರೇಷ್ಮೆ ನೂಲು ‘ಬಿಚ್ಚುತ್ತೇವೆ’. ಸರ್ಕಾರದ ಕಾಗದದಲ್ಲೂ ನಾವು ‘ನೂಲು ಬಿಚ್ಚಾಣಿಕೆದಾರರು’. ಹೊಸಬರು ಕೇಳಿದರೆ ಬಿಚ್ಚುವುದು ಅಂದರೆ ಮಾಡಿದ್ದನ್ನು ಹಾಳು ಮಾಡುವುದು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಮಾಡಿದ್ದು ಹುಳವೇ. ಅದು ತನ್ನ ಸುತ್ತ ಸುತ್ತಿಕೊಂಡದ್ದನ್ನು ನಾವು ಬಿಚ್ಚುತ್ತೇವೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಅಂಟು ಸಡಿಲ ಆಗುತ್ತದೆ. ಆಮೇಲೆ ಎಳೆಯ ತುದಿ ಹುಡುಕಬೇಕು. ಒಂದು ಗೂಡಿನ ಎಳೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಅಷ್ಟು ಸಣ್ಣ. ಏಳೆಂಟು ಗೂಡಿನ ಎಳೆ ಸೇರಿಸಿ ಒಂದು ನೂಲು. ದ್ವಿತಳಿ ಅನ್ನುವ ಒಳ್ಳೆಯ ಜಾತಿಯ ಗೂಡಾದರೆ ಒಂದರಲ್ಲೇ ಸಾವಿರ ಮೀಟರ್ ಹತ್ತಿರ ಬರುತ್ತದೆ. ನೀರಿನಲ್ಲಿ ಕೈ ಇಟ್ಟು ಇಟ್ಟು ನಮ್ಮ ಮನೆಯವರ ಬೆರಳ ತುದಿ ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತದೆ.

ಇನ್ನೊಂದು ಮಾತು. ನಮ್ಮ ಮನೆಮಾತು ಉರ್ದು. “ತಯ್ಯಾರ್ ಹೋಗಯಾ” ಅಂದರೆ ಮುಗಿದು ಕೈಗೆ ಕೊಡುವ ಹಾಗೆ ಆಯಿತು ಅಂತ. ಕೆಲಸ ನಡೆಯುತ್ತಿರುವಾಗ ಅದು ತಯ್ಯಾರ್ ಅಲ್ಲ. ಮಿಡಿಜಾಡಿ ಅಕ್ಕ, ನಿಮ್ಮ ದಿನಾಂಕದ ಪ್ರಶ್ನೆಗೆ ಇದು ಸಹಾಯ ಆಗಬಹುದು. ಉಪ್ಪಿನಲ್ಲಿರುವ ಮಿಡಿ ಕೊಟ್ಟರೆ ಗಿರಾಕಿ ಅದನ್ನು ಉಪ್ಪಿನಕಾಯಿ ಅಂತ ತೆಗೆದುಕೊಳ್ಳುತ್ತಾರಾ?

ಮಗ್ಗದ ಮನೆ (ಇಳಕಲ್):
ಎಲ್ಲ ಓದಿದೆ. ಬುಟ್ಟಿತುಂಬ ಅವರ ಮಾತು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ‘ತಯಾರಿಕೆ’ಯ ಪರವಾಗಿ ಒಂದು ಮಾತು ಹೇಳಬೇಕು.

ನಾವು ಇಳಕಲ್ ಸೀರೆ ನೇಯುತ್ತೇವೆ. ಮಗ್ಗದ ಮೇಲೆ ಕೂತು ಲಾಳಿ ಓಡಿಸುವವನು ನಾನು. ಫೋಟೋ ತೆಗೆಯುವವರು ಬಂದರೆ ನನ್ನದೇ ಫೋಟೋ. ನೇಕಾರ ಅಂತ ಗುರುತಿನ ಚೀಟಿಯೂ ನನ್ನ ಹೆಸರಿನಲ್ಲಿ. ಆದರೆ ನಾನು ಕೂರುವ ಮೊದಲು ಎಷ್ಟು ಕೆಲಸ ಆಗಿರುತ್ತದೆ ಗೊತ್ತಾ? ನೂಲಿಗೆ ಬಣ್ಣ ಹಾಕಿದವರು ಒಬ್ಬರು. ಉದ್ದದ ಎಳೆಗಳ ಹಾಸು ಮಾಡಿದವರು ಒಬ್ಬರು. ಲಾಳಿಗೆ ಹಾಕುವ ಕಂಡಿಕೆ ಸುತ್ತುವುದು ನನ್ನ ಅವ್ವ, ಈಗ ಹೆಂಡತಿ. ನಮ್ಮ ಸೀರೆಯಲ್ಲಿ ಸೆರಗು ಬೇರೆ ಹಾಸು, ಒಡಲು ಬೇರೆ ಹಾಸು. ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಸಾವಿರಾರು ಎಳೆ. ನಮ್ಮ ಮನೆಯಲ್ಲಿ ಆ ಕೆಲಸ ಹೆಂಗಸರದೇ. ಸಂಜೆ ಬೆಳಕು ಹೋಗುವುದರೊಳಗೆ ಮುಗಿಸಬೇಕು ಅಂತ ಅವ್ವ ಬಾಗಿಲ ಹತ್ತಿರ ಕೂತು, ಎಳೆಗಳನ್ನು ಮೊಣಕಾಲ ಮೇಲೆ ಹರವಿಕೊಂಡು, ಮಾತೇ ಆಡದೆ ಮಾಡುತ್ತಿದ್ದಳು. ನಡುವೆ ಕರೆದರೆ ಎಣಿಕೆ ತಪ್ಪುತ್ತದೆ ಅಂತ ನಮಗೆಲ್ಲ ಗೊತ್ತಿತ್ತು.

“ಈ ಸೀರೆ ನೇಯ್ದವರು ಯಾರು?” ಅಂತ ಕೇಳಿದರೆ ಉತ್ತರ ನಾನೊಬ್ಬನೇ. “ಈ ಸೀರೆ ತಯಾರು ಮಾಡಿದವರು ಯಾರು?” ಅಂದರೆ ಅವ್ವ, ಹೆಂಡತಿ, ಬಣ್ಣದವರು, ಹಾಸಿನವರು ಎಲ್ಲರೂ ಬರುತ್ತಾರೆ. ಅಷ್ಟಗಲದ ಪದ ಒಂದು ಇರಬೇಕು. ಕೈಯ ಕೆಲಸ ಹೇಳುವಾಗ ಕೈಯ ಮಾತು ಹೇಳಿ. ಯಾರ್ಯಾರ ದುಡಿಮೆ ಸೇರಿದೆ ಅಂತ ಹೇಳುವಾಗ ತಯಾರಿಕೆ ಅನ್ನಿ.

ಬುಟ್ಟಿತುಂಬ (ತೀರ್ಥಹಳ್ಳಿ):
ಅಣ್ಣಾ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮಲ್ಲೂ ಬುಟ್ಟಿ ಹೆಣೆಯುವವರು ಒಬ್ಬರಾದರೆ, ಕಾಡಿನಿಂದ ಬಿದಿರು ತಂದು ಸೀಳಿ, ಸಿಬಿರು ಹೆರೆದು ಕೊಡುವವರು ಇನ್ನೊಬ್ಬರು. ಬೆರಳು ಕೊಯ್ದುಕೊಳ್ಳುವುದು ಅವರೇ ಜಾಸ್ತಿ. ನನ್ನ ಮಾತು ತಿದ್ದಿಕೊಳ್ಳುತ್ತೇನೆ.

ಲೈನ್ ನಾಲ್ಕು (ಪೀಣ್ಯ):
ನಾನು ಗಾರ್ಮೆಂಟ್ಸಿಗೆ ಹೋಗುತ್ತೇನೆ. ಒಂಬತ್ತು ವರ್ಷ ಆಯಿತು. ನಮ್ಮಲ್ಲಿ ಹೇಗೆ ಮಾತಾಡುತ್ತೇವೆ ಅಂತ ಹೇಳಲಾ?

“ಶರ್ಟು ಹೊಲಿಯುತ್ತೇನೆ” ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ನಾನು ಕಾಲರ್ ಹಾಕುತ್ತೇನೆ. ಪಕ್ಕದವಳು ಕಫ್. ಅವಳ ಹಿಂದಿನವಳು ಕಾಜಾ. ಒಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಕಾಲರ್ ಹಾಕಿದ್ದೇನೋ ಲೆಕ್ಕ ಇಲ್ಲ, ಆದರೆ ಒಂದು ಇಡೀ ಶರ್ಟನ್ನು ಮೊದಲಿಂದ ಕೊನೆವರೆಗೆ ನಾನು ಹೊಲಿದಿಲ್ಲ. ನಮ್ಮ ಲೈನಿನಲ್ಲಿ ದಿನಾ ಕೇಳುವ ಪದ ‘ಪ್ರೊಡಕ್ಷನ್’. “ಪ್ರೊಡಕ್ಷನ್ ಬಂತಾ?” “ಈ ಗಂಟೆ ಪ್ರೊಡಕ್ಷನ್ ಕಮ್ಮಿ.” ನಮಗೆ ಆ ಪದದ ಅರ್ಥ ಬಟ್ಟೆಯಲ್ಲ. ಗಂಟೆಗೆ ಎಷ್ಟು ಪೀಸ್ ಅನ್ನುವ ನಂಬರು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ನಂಬರು ಬರಲಿಲ್ಲ ಅಂದರೆ ನೀರು ಕುಡಿಯಲು ಏಳುವುದಕ್ಕೂ ಹಿಂಜರಿಕೆ.

ಮೇಷ್ಟ್ರು ಮೇಲೆ ಹೇಳಿದರಲ್ಲ, ಲೆಕ್ಕ ಇಡುವ ಕಡೆ ಉತ್ಪಾದನೆ ಅಂತ. ಅದು ಅಷ್ಟು ನಿಜ ಅಂತ ಈಗ ಗೊತ್ತಾಯಿತು. ಪೇಪರಿನಲ್ಲಿ ನಮ್ಮ ಕೆಲಸಕ್ಕೆ ‘ಸಿದ್ಧ ಉಡುಪು ತಯಾರಿಕೆ’ ಅಂತ ಬರೆಯುತ್ತಾರೆ. ಸಿದ್ಧವೂ ತಯಾರೂ ಒಂದೇ ಅಂದಿರಿ. ಒಂದೇ ಪದವನ್ನು ಎರಡು ಸಲ ಹೇಳಿದ ಹಾಗೆ ಆಯಿತು, ಹೊಲಿಗೆ ಅನ್ನುವುದು ಮಾತ್ರ ಎಲ್ಲೂ ಬರಲಿಲ್ಲ.

ಪದಗಳ ಬೆನ್ನುಹತ್ತಿ (ಮೈಸೂರು):
ಇಷ್ಟು ವರ್ಷ ಪಾಠ ಹೇಳಿದರೂ ‘ಸಿದ್ಧ ಉಡುಪು ತಯಾರಿಕೆ’ಯಲ್ಲಿ ಹೊಲಿಗೆ ಇಲ್ಲ ಅನ್ನುವುದು ನನಗೆ ಹೊಳೆದಿರಲಿಲ್ಲ ತಾಯಿ. ಬರೆದಿದ್ದಕ್ಕೆ ಧನ್ಯವಾದ.

ಹಳೇ ಲೇತು (ಜಾಲಹಳ್ಳಿ):
ಎಚ್‌ಎಂಟಿಯಲ್ಲಿ ದುಡಿದವನು ನಾನು. 1953ರಲ್ಲಿ ಶುರುವಾದ ಕಾರ್ಖಾನೆ, ಮೊದಲು ಮಾಡಿದ್ದು ಲೇತುಗಳನ್ನು. ಯಂತ್ರ ಮಾಡುವ ಯಂತ್ರ. ಕೈಗಡಿಯಾರ ಬಂದದ್ದು ಆಮೇಲೆ, 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ. ನಾನು ಹೇಳಬೇಕಾದ್ದು ಒಂದೇ. ‘ತಯಾರಿಕೆ’ ಮತ್ತು ‘ಜೋಡಣೆ’ ಬೇರೆ ಬೇರೆ ಇರಲಿ. ಲೋಹದ ತುಂಡಿನಿಂದ ಭಾಗ ಕಡೆದು ತೆಗೆಯುವುದು ಒಂದು ಕೆಲಸ. ಬಂದ ಭಾಗಗಳನ್ನು ಕೂಡಿಸುವುದು ಇನ್ನೊಂದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಾಗುತ್ತದೆ ಅಂತ ಓದುತ್ತೇವೆ, ಸಂತೋಷ. ಅಲ್ಲಿ ನಡೆಯುವುದು ಮುಖ್ಯವಾಗಿ ಜೋಡಣೆ. ಜೋಡಣೆ ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ಗಡಿಯಾರ ಜೋಡಿಸುತ್ತಿದ್ದ ನಮ್ಮ ಹೆಣ್ಣುಮಕ್ಕಳ ಕೈ ನೋಡಿದವರಿಗೆ ಅದರ ಬೆಲೆ ಗೊತ್ತು. ಒಂದು ಉಸಿರಿಗೆ ಹಾರಿಹೋಗುವಂಥ ಸ್ಕ್ರೂ ಅದು. ಅದಕ್ಕೇ ಅವರ ಕೆಲಸಕ್ಕೆ ಅದರದೇ ಹೆಸರು ಬೇಕು ಅನ್ನುತ್ತೇನೆ.

ಕಾಗದಪತ್ರ (ಹುಬ್ಬಳ್ಳಿ):
ಸಣ್ಣ ಉದ್ದಿಮೆಗಳಿಗೆ ಲೈಸೆನ್ಸು, ಲೇಬಲ್ ಕೆಲಸ ಮಾಡಿಕೊಡುತ್ತೇನೆ. ಮಿಡಿಜಾಡಿ ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಆಹಾರದ ಲೇಬಲ್ ನಿಯಮಗಳ ಪ್ರಕಾರ ತಯಾರಕರಾದ ನಿಮ್ಮ ಹೆಸರು, ವಿಳಾಸ ಇರಲೇಬೇಕು. ಆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು, ಜೊತೆಗೆ ಕನ್ನಡ ಹಾಕಬಹುದು. ಹಾಗಾಗಿ ಆ ಕಾಯಂ ಸಾಲಿನಲ್ಲಿ ‘ತಯಾರಕರು’ ಅಂತಲೇ ಇಡಿ. ಉತ್ಪಾದಕರು ಬೇಡ.

ದಿನಾಂಕದ ವಿಷಯ. ಆಹಾರದ ಲೇಬಲ್ ನಿಯಮದಲ್ಲಿ ತಯಾರಿಸಿದ ದಿನಾಂಕ ಅಂದರೆ ಏನು ಅಂತ ಹೇಳಿದ್ದಾರೆ. ಲೇಬಲ್ಲಿನಲ್ಲಿ ಯಾವ ಪದಾರ್ಥ ಅಂತ ಬರೆದಿದ್ದೀರೋ, ಒಳಗಿರುವುದು ಆ ಪದಾರ್ಥವಾದ ದಿನ. ನಿಮ್ಮ ಲೇಬಲ್ಲಿನಲ್ಲಿರುವುದು ‘ಉಪ್ಪಿಗೆ ಹಾಕಿದ ಮಿಡಿ’ ಅಲ್ಲ, ‘ಅಪ್ಪೆಮಿಡಿ ಉಪ್ಪಿನಕಾಯಿ’. ಖಾರ ಬೆರೆಸಿ ಅದು ಉಪ್ಪಿನಕಾಯಿ ಆದ ದಿನವೇ ನಿಮ್ಮ ದಿನಾಂಕ. ರಾಮನಗರದವರು ಉರ್ದುವಿನಲ್ಲಿ ಹೇಳಿದ್ದೂ ಇದನ್ನೇ. ನಿಯಮ ಬರೆದವರಿಗೆ ‘ತಯ್ಯಾರ್’ ಪದದ ಪರಿಚಯ ಇತ್ತೋ ಇಲ್ಲವೋ, ಅರ್ಥ ಮಾತ್ರ ಸರಿಯಾಗಿ ಕೂತಿದೆ.

ಕಡಲಬದಿ (ಉಡುಪಿ):
ತಯಾರಕರು ಅಂತ ಹಾಕಿ ಸುಮ್ಮನಾಗಬೇಡಿ ಅಕ್ಕ. ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದ್ದರೆ ಹಾಕಿದವರ ಮಾತೂ ಬರಲಿ.

ಮಿಡಿಜಾಡಿ (ಶಿರಸಿ):
ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ನಿನ್ನೆ ಸಂಜೆ ಖಾರ ಅರೆಯುವಾಗ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. ಇಳಕಲ್ಲಿನ ಅಣ್ಣನ ಅವ್ವನ ವಿಷಯ ಬಂದಾಗ ಎಲ್ಲರೂ ಕೆಲಸ ನಿಲ್ಲಿಸಿ ಕೇಳಿದರು.

ಆಮೇಲೆ ಮಾತು ಮರ ಹತ್ತಿ ಮಿಡಿ ಕೊಯ್ಯುವ ನಮ್ಮ ಕೊನೆಗಾರನ ಕಡೆ ಹೋಯಿತು. ಅಪ್ಪೆಮರ ದೊಡ್ಡದು, ಹೊಳೆಯ ಅಂಚಿಗೆ ಇರುತ್ತದೆ. ಮಿಡಿ ನೆಲಕ್ಕೆ ಬೀಳಬಾರದು, ಬಿದ್ದು ಪೆಟ್ಟಾದರೆ ಜಾಡಿಯಲ್ಲಿ ಕೊಳೆಯುತ್ತದೆ, ಜೊತೆಗಿದ್ದದ್ದನ್ನೂ ಕೆಡಿಸುತ್ತದೆ. ತೊಟ್ಟು ಇಟ್ಟುಕೊಂಡೇ ಕೊಯ್ದು, ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಸಬೇಕು. ಅದನ್ನು ಮಾಡುವವರು ಊರಿನಲ್ಲಿ ಈಗ ಇಬ್ಬರೇ. ಅವರ ಮಾತು ನಮ್ಮ ಲೇಬಲ್ಲಿನಲ್ಲಿ ಇಷ್ಟು ವರ್ಷ ಎಲ್ಲೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಪ್ರೆಸ್ಸಿಗೆ ಕಳಿಸಿದ್ದು ಹೀಗಿದೆ. ಮೇಲಿನ ಸಾಲು ‘ತಯಾರಕರು’, ಮುಂದೆ ಸಂಘದ ಹೆಸರು, ವಿಳಾಸ. ದಿನಾಂಕ ಖಾರ ಬೆರೆಸಿದ ದಿನದ್ದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: “ಮಿಡಿ ಕೊಯ್ದವರು ಇಬ್ಬರು. ಉಪ್ಪಿಗೆ ಹಾಕಿ, ಖಾರ ಅರೆದು ಬೆರೆಸಿದವರು ಹನ್ನೊಂದು ಜನ.” ಪ್ರೆಸ್ಸಿನವರು ಇದು ಯಾಕೆ, ಜಾಗ ಸಾಲುವುದಿಲ್ಲ ಅಂದರು. ಜಾಡಿಯ ಚಿತ್ರ ಸ್ವಲ್ಪ ಚಿಕ್ಕದು ಮಾಡಿ ಅಂತ ಹೇಳಿದ್ದೇನೆ.

ಹಪ್ಪಳದ ಪೊಟ್ಟಣಕ್ಕೆ ಇನ್ನೂ ತೀರ್ಮಾನ ಆಗಿಲ್ಲ. ಹಲಸಿನ ತೊಳೆ ಬೇಯಿಸಿ ರುಬ್ಬುವವರು ಮೂವರು, ಒತ್ತುವವರು ಐವರು. ಬಿಸಿಲಿಗೆ ಹರವಿ, ಕಾಗೆ ಕಾಯ್ದು, ಮೋಡ ಕಂಡ ತಕ್ಷಣ ಓಡಿ ಒಳಗೆ ತರುವುದು ಅತ್ತೆ. ಒಣಗಿಸುವುದೂ ಒಂದು ಕೆಲಸ ಅಲ್ದಾ ಅಂತ ಅವರು ಕೇಳಿದ್ದಾರೆ. ಅದಕ್ಕೂ ಒಂದು ಸಾಲು ಬೇಕು.